ರಾಗ ಮುಗಿಯುವವರೆಗಾದರೂ ಬಿಡಿ



ಕಳೆದ ತಿಂಗಳ ಯುವಕೂಟದ ಸಭೆ ಮುಗಿದ ಮೇಲೆ ನಾವು ಹತ್ತು-ಹನ್ನೆರಡು ಮಂದಿ ಅಮೆರಿಕದ ಡ್ರಮ್ ಕೋರ್ ತಂಡಗಳ ವಿಡಿಯೊ ನೋಡುತ್ತ ಕುಳಿತೆವು. ತಂದು ತೋರಿಸಿದ್ದು ಹಬ್ಬದ ಬ್ಯಾಂಡ್ ಸೆಟ್‌ನಲ್ಲಿ ಟ್ರಂಪೆಟ್ ಊದುವ ನಮ್ಮ ಹುಡುಗರೇ. ಫುಟ್‌ಬಾಲ್ ಮೈದಾನದ ತುಂಬ ಯುವಕ ಯುವತಿಯರು. ಓಡುತ್ತಲೇ ಊದುತ್ತಾರೆ, ಓಡುತ್ತಲೇ ಬಾರಿಸುತ್ತಾರೆ, ಒಂದು ಸಾಲೂ ತಪ್ಪುವುದಿಲ್ಲ. ಮುಗಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಗ ನಮ್ಮಲ್ಲೊಬ್ಬಳು ಕೇಳಿದಳು: "ಸರಿ, ಈಗ ಕೇಳಿದ್ದರಲ್ಲಿ ಒಂದು ಸಾಲನ್ನು ಯಾರಾದರೂ ಗುನುಗಿ ನೋಡೋಣ?" ಯಾರಿಂದಲೂ ಆಗಲಿಲ್ಲ.

ಅಂದಿನಿಂದ ನಮ್ಮೊಳಗೆ ವಾದ ನಡೆದೇ ಇದೆ. ಹಲವು ವಿಡಿಯೊ ನೋಡಿ, ಜಗಳವಾಡಿ, ಕೊನೆಗೆ ಒಂದು ಮಾತಿಗೆ ಬಂದಿದ್ದೇವೆ. ಅದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತೇವೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಡ್ರಮ್ ಕೋರ್‌ನಲ್ಲಿ ಹಿತ್ತಾಳೆಯ ಊದುವಾದ್ಯಗಳು, ತಾಳವಾದ್ಯಗಳು, ಧ್ವಜ ಹಿಡಿದು ಕುಣಿಯುವವರು ಇರುತ್ತಾರೆ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗೆ ಜಾಗವಿಲ್ಲ. ಬೇಸಿಗೆಯಿಡೀ ತಂಡ ಬಸ್ಸಿನಲ್ಲಿ ಊರೂರು ಸುತ್ತುತ್ತದೆ, ಶಾಲೆಗಳ ಜಿಮ್ ನೆಲದ ಮೇಲೆ ಮಲಗುತ್ತದೆ, ಆಗಸ್ಟ್‌ನಲ್ಲಿ ಅಂತಿಮ ಸ್ಪರ್ಧೆ. 1972ರಿಂದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇದನ್ನು ನಡೆಸುತ್ತಿದೆ. ಒಟ್ಟು ನೂರು ಅಂಕ: ಸಂಗೀತಕ್ಕೆ 30, ದೃಶ್ಯಕ್ಕೆ 30, ಒಟ್ಟಾರೆ ಪರಿಣಾಮಕ್ಕೆ 40.

ಇದು ಎಲ್ಲೋ ದೂರದ ಊರಿನ ಸುದ್ದಿ, ನಮಗೇಕೆ ಎನ್ನಬೇಡಿ. ಈ ತಂಡಗಳಲ್ಲಿ ಹಲವು ಹುಟ್ಟಿದ್ದೇ ಧರ್ಮಕೇಂದ್ರಗಳಲ್ಲಿ. ಹತ್ತು ಬಾರಿ ಚಾಂಪಿಯನ್ ಆದ ಕೆಡೆಟ್ಸ್ ತಂಡ 1934ರಲ್ಲಿ ನ್ಯೂಜೆರ್ಸಿಯ ಗಾರ್‌ಫೀಲ್ಡ್‌ನ ಹೋಲಿ ನೇಮ್ ಧರ್ಮಕೇಂದ್ರದ ಹುಡುಗರಿಂದ ಶುರುವಾಯಿತು. ಬಾಸ್ಟನ್ ಕ್ರುಸೇಡರ್ಸ್ 1940ರಲ್ಲಿ ಮೋಸ್ಟ್ ಪ್ರೆಷಸ್ ಬ್ಲಡ್ ಧರ್ಮಕೇಂದ್ರದಲ್ಲಿ ಹುಟ್ಟಿತು. ಅಲ್ಲೂ ನಮ್ಮಂಥವರೇ ಸಂಜೆ ಸೇರಿ ಡ್ರಮ್ ಹೊಡೆಯಲು ಕಲಿತದ್ದು.

ಈಗ ವಾದಕ್ಕೆ ಬರೋಣ.

ನಮ್ಮಲ್ಲಿ ಕೆಲವರು ಹೇಳಿದರು: "ಬೇರೆಯವರು ಬರೆದ ಸಂಗೀತವನ್ನು ತಂದು ಊದುವುದರಲ್ಲಿ ಸೃಜನಶೀಲತೆ ಏನು ಬಂತು? ಅದು ನಕಲು." ಈ ಮಾತನ್ನು ನಾವು ಒಪ್ಪುವುದಿಲ್ಲ. ವಾಗ್ನರ್‌ನ 'ಲೋಹೆನ್‌ಗ್ರಿನ್' ಒಪೆರಾದಲ್ಲಿ ಎಲ್ಸಾ ಪ್ರಧಾನಾಲಯಕ್ಕೆ ಮೆರವಣಿಗೆಯಲ್ಲಿ ಹೋಗುವ ಭಾಗವೊಂದಿದೆ. ಇಲಿನಾಯ್‌ನ ಫ್ಯಾಂಟಮ್ ರೆಜಿಮೆಂಟ್ ಅದನ್ನು ತನ್ನದೇ ಗುರುತೆಂಬಷ್ಟು ಪ್ರೀತಿಯಿಂದ ನುಡಿಸುತ್ತದೆ. ಮೂಲದಲ್ಲಿ ಅದು ಕೊಳಲು, ಓಬೋ, ಕ್ಲಾರಿನೆಟ್‌ಗಳ ಮೆಲುದನಿಯಿಂದ ಆರಂಭವಾಗಿ, ನಿಧಾನವಾಗಿ ಏರುತ್ತ ಏರುತ್ತ ಶಿಖರ ಮುಟ್ಟುತ್ತದೆ. ಆ ವಾದ್ಯಗಳಲ್ಲಿ ಒಂದೂ ಡ್ರಮ್ ಕೋರ್‌ನಲ್ಲಿಲ್ಲ. ಹಾಗಾದರೆ ತೆರೆದ ಮೈದಾನದಲ್ಲಿ, ನಡೆಯುತ್ತಿರುವ ಹುಡುಗರ ಕೈಯಲ್ಲಿರುವ ಹಿತ್ತಾಳೆಯಿಂದ ಆ ಮೆಲುದನಿಯನ್ನು ತರುವುದು ಹೇಗೆ? ಯಾರು ಮೊದಲು ಊದಬೇಕು, ಯಾರು ಕಾಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು? ಇದನ್ನೆಲ್ಲ ತೀರ್ಮಾನಿಸುವವನೇ ಅರೇಂಜರ್. ಅದು ನಕಲಲ್ಲ, ಹೊಸ ದೇಹಕ್ಕೆ ಹಳೆಯ ಜೀವ ಕೊಡುವ ಕೆಲಸ.

ಇನ್ನೆರಡು ಉದಾಹರಣೆ ಕೊಡುತ್ತೇವೆ. 1984ರಲ್ಲಿ ಕೆಡೆಟ್ಸ್ ತಂಡ ಬರ್ನ್‌ಸ್ಟೈನ್‌ನ 'ವೆಸ್ಟ್ ಸೈಡ್ ಸ್ಟೋರಿ' ಒಂದನ್ನೇ ಹಿಡಿದು ಇಡೀ ಪ್ರದರ್ಶನ ಕಟ್ಟಿತು, ಗೆದ್ದಿತು. 1993ರಲ್ಲಿ ಸ್ಟಾರ್ ಆಫ್ ಇಂಡಿಯಾನಾ ತಂಡ ಬಾರ್ಬರ್‌ನ 'ಮೆಡಿಯಾ' ಸಂಗೀತವನ್ನೂ, ಬಾರ್ಟೋಕ್ ತಂತಿವಾದ್ಯ, ತಾಳವಾದ್ಯ, ಸೆಲೆಸ್ಟಾಗಳಿಗೆಂದು ಬರೆದ ಕೃತಿಯನ್ನೂ ಹಿತ್ತಾಳೆಗೆ ತಂದಿತು. ಕಠೋರವಾದ ಸಂಗೀತ. ಪ್ರೇಕ್ಷಕರಲ್ಲಿ ಹಲವರಿಗೆ ಹಿಡಿಸಲಿಲ್ಲ. ಕೇವಲ 0.1 ಅಂಕದಿಂದ ಎರಡನೆಯ ಸ್ಥಾನಕ್ಕೆ ಇಳಿಯಿತು. ಇಂದಿಗೂ ಬಲ್ಲವರು ಅದರ ಮಾತಾಡುತ್ತಾರೆ. ಆದ್ದರಿಂದ ಗುನುಗಲು ಬರುವುದೊಂದೇ ಅಳತೆಗೋಲಲ್ಲ ಎಂದು ನಾವೂ ಒಪ್ಪುತ್ತೇವೆ. ಸ್ಟಾರ್ ತಂಡದ ಸಂಗೀತ ಗುನುಗಲು ಬಾರದು. ಆದರೆ ಅದು ಹಿಡಿದ ಮಾತನ್ನು ಕೊನೆಯವರೆಗೂ ಆಡಿತು.

ನಮ್ಮ ತಕರಾರು ಇರುವುದು ಇಲ್ಲೇ. ಇವತ್ತಿನ ಹಲವು ಪ್ರದರ್ಶನಗಳಲ್ಲಿ ಯಾವ ಮಾತೂ ಮುಗಿಯುವುದಿಲ್ಲ. ಒಂದು ಸಿಂಫನಿಯ ನಾಲ್ಕು ಸಾಲು, ಒಂದು ಸಿನಿಮಾ ಹಾಡಿನ ಪಲ್ಲವಿಯ ಅರ್ಧ, ಮೈಕಿನಲ್ಲಿ ಯಾರದೋ ಎರಡು ವಾಕ್ಯ, ಸಿಂಥಸೈಜರ್‌ನ ಒಂದು ಗುಡುಗು, ಮತ್ತೆ ಬೇರೆ ಹಾಡು. ರಾಗ ಬಾಯಿ ತೆರೆಯುವಷ್ಟರಲ್ಲಿ ಅದರ ಬಾಯಿ ಮುಚ್ಚಿಸುತ್ತಾರೆ. ಇದಕ್ಕೆ ದೊಡ್ಡದೊಂದು 'ಥೀಮ್' ಹೆಸರಿಟ್ಟು ಸೃಜನಶೀಲತೆ ಎನ್ನುತ್ತಾರೆ. ನಾವು ಇದನ್ನು ಹೊಲಿಗೆ ಎನ್ನುತ್ತೇವೆ. ಹೊಲಿಗೆ ನಾಜೂಕಾಗಿದೆ, ನಿಜ. ಬಟ್ಟೆ ಎಲ್ಲಿ?

ಯಂತ್ರಗಳೇ ಕೆಟ್ಟವು ಎನ್ನುವ ಪಕ್ಷ ನಮ್ಮದಲ್ಲ. 2004ರಲ್ಲಿ ಮೈಕಿಗೂ 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳಿಗೂ ಅನುಮತಿ ಸಿಕ್ಕಿತು. ಓಹಿಯೊದ ಬ್ಲೂಕೋಟ್ಸ್ ತಂಡ 2014ರ 'ಟಿಲ್ಟ್' ಪ್ರದರ್ಶನದಲ್ಲಿ ಸ್ವರವನ್ನೇ ಜಾರಿಸಿ ಬಾಗಿಸಿತು. ವಾಲುವುದೇ ಅಲ್ಲಿನ ವಿಷಯ, ಎಲೆಕ್ಟ್ರಾನಿಕ್ ದನಿಯೂ ಹಿತ್ತಾಳೆಯೂ ಕೂಡಿ ವಾಲಿದವು. ಅಲ್ಲಿ ಯಂತ್ರ ಸಂಗೀತದ ಕೆಲಸ ಮಾಡಿತು. ಟ್ಯೂಬಾ ಹಿಡಿದ ಹುಡುಗರು ಎದೆಯೊಡೆದು ಊದುತ್ತಿರುವಾಗ ಅವರ ದನಿಯ ಮೇಲೆ ಸ್ಪೀಕರಿನ ಗುಂಯ್‌ಗುಡುವ ಸದ್ದು ಸುರಿಯುವುದು ಬೇರೆ. ಅದು ಮುಚ್ಚುವ ಕೆಲಸ.

ನಮಗೆ ಮೂರು ಉತ್ತರ ಬರುತ್ತವೆ. ಮೊದಲನೆಯದು: "ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ, ರೀಲ್ಸ್ ನೋಡಿ ಬೆಳೆದವರು." ಸ್ವಾಮಿ, ಆ ಮಕ್ಕಳು ನಾವೇ. ನಮಗೆ ತಾಳ್ಮೆಯಿಲ್ಲವೆಂದು ನಮ್ಮನ್ನು ಕೇಳದೆ ತೀರ್ಮಾನಿಸಬೇಡಿ. ಎಲ್ಸಾಳ ಮೆರವಣಿಗೆ ನಿಧಾನವಾಗಿ ಏರುವಾಗ ನಮ್ಮ ಕೋಣೆಯಲ್ಲಿ ಯಾರೂ ಫೋನ್ ಮುಟ್ಟಲಿಲ್ಲ.

ಎರಡನೆಯದು: "ಕೃತಿಸ್ವಾಮ್ಯದ ಅನುಮತಿಗೆ ಹಣ ಬೇಕು." ಬೇಕು. ಅರೇಂಜ್ ಮಾಡಲೂ ಅನುಮತಿ, ವಿಡಿಯೊ ಬಿಡಲೂ ಅನುಮತಿ. ಆದರೆ ಹಕ್ಕುಳ್ಳ ಎಂಟು ಹಾಡುಗಳ ತುಣುಕಿಗೆ ಎಂಟು ಕಡೆ ಕೇಳಬೇಕು, ಒಂದು ಕೃತಿಗೆ ಒಂದೇ ಕಡೆ. ವಾಗ್ನರ್, ಬಾಖ್ ಅವರನ್ನು ಆರಿಸಿದರೆ ಮೂಲ ಸಂಗೀತಕ್ಕೆ ಯಾರನ್ನೂ ಕೇಳಬೇಕಿಲ್ಲ. ಹಣವೇ ಕಾರಣವಾದರೆ ಲೆಕ್ಕ ನಮ್ಮ ಕಡೆಗಿದೆ.

ಮೂರನೆಯದು: "ತೀರ್ಪುಗಾರರು ಕ್ಷಣಕ್ಷಣಕ್ಕೂ ಹೊಸದನ್ನು ಕೇಳುತ್ತಾರೆ." ಇದು ತಕ್ಕಮಟ್ಟಿಗೆ ನಿಜವಿರಬಹುದು. ಪರಿಣಾಮಕ್ಕೆ 40 ಅಂಕ ಇಟ್ಟ ಮೇಲೆ ಎಲ್ಲರೂ ಪರಿಣಾಮದ ಹಿಂದೆಯೇ ಓಡುತ್ತಾರೆ. ಆದರೆ ಕಾಯಿಸದೆ ಕೊಟ್ಟ ಶಿಖರ ಶಿಖರವೇ ಅಲ್ಲ. ನಿಮಿಷಕ್ಕೆ ಮೂರು ಸಲ ಗಂಟೆ ಬಾರಿಸಿದರೆ ಹಬ್ಬ ಯಾವುದು, ಸಾವು ಯಾವುದು ಎಂದು ಊರಿಗೆ ತಿಳಿಯುವುದಿಲ್ಲ.

ಇದರಲ್ಲಿ ಸೋಲುವವರು ಯಾರು? ಆ ಮಕ್ಕಳು. ಸಾವಿರಾರು ಡಾಲರ್ ಕಟ್ಟಿ, ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡಿ, ಇಡೀ ಬೇಸಿಗೆ ಕೊಡುತ್ತಾರೆ. ಇಪ್ಪತ್ತೊಂದೋ ಇಪ್ಪತ್ತೆರಡೋ ಆದಾಗ ವಯಸ್ಸಿನ ಮಿತಿ ದಾಟಿ ಹೊರಗೆ ಬರುತ್ತಾರೆ. ಒಂದು ಬೇಸಿಗೆ ಕೊಟ್ಟವರಿಗೆ ಜೀವನಪೂರ್ತಿ ಜೊತೆಗಿರುವ ಒಂದು ಪೂರ್ಣ ರಾಗವನ್ನಾದರೂ ಕೊಡಬೇಡವೇ? ತಂಡಗಳು ಶಾಶ್ವತವಲ್ಲ. ತೊಂಬತ್ತು ವರ್ಷ ನಡೆದ ಕೆಡೆಟ್ಸ್ ತಂಡವೇ 2024ರಲ್ಲಿ ಮುಚ್ಚಿತು. ತಂಡ ಹೋದರೂ ಉಳಿಯುವುದು ಅದರಲ್ಲಿ ಊದಿದವರ, ಕೇಳಿದವರ ಕಿವಿಯಲ್ಲಿ ಕುಳಿತದ್ದು ಮಾತ್ರ.

ಕೊನೆಗೆ ನಮ್ಮ ಬಾಗಿಲಿಗೇ ಬರೋಣ. ಕಳೆದ ಹಬ್ಬದ ಮೆರವಣಿಗೆಯಲ್ಲಿ ನಾವು ನುಡಿಸಿದ್ದೇನು? ಆರು ಗೀತೆಗಳ ಪಲ್ಲವಿಗಳನ್ನು ಪೋಣಿಸಿದ ಒಂದು ಮೆಡ್ಲಿ. ಜನ ಹಾಡಲು ಬಾಯಿ ತೆರೆದರು, ಅಷ್ಟರಲ್ಲಿ ನಾವು ಮುಂದಿನದಕ್ಕೆ ಹಾರಿದ್ದೆವು. ಹಿಂದೆ ಮೊಂಬತ್ತಿ ಹಿಡಿದು ಬರುತ್ತಿದ್ದ ಅಜ್ಜಿಯರು ಹಾಡುವುದನ್ನೇ ನಿಲ್ಲಿಸಿದರು. ತಪ್ಪು ನಮ್ಮದು.

ಈ ಹಬ್ಬಕ್ಕೆ ಬ್ಯಾಂಡ್ ಸೆಟ್‌ನವರಿಗೂ ಗಾಯನ ವೃಂದದವರಿಗೂ ನಮ್ಮ ಬೇಡಿಕೆ ಒಂದೇ. ಎರಡೇ ಗೀತೆ ಆರಿಸಿ. ಅದನ್ನು ಎಷ್ಟು ಬೇಕಾದರೂ ಹೊಸದಾಗಿ ಹೊಂದಿಸಿ, ಸ್ವರ ಬದಲಿಸಿ, ತಾಳ ಬದಲಿಸಿ. ಆದರೆ ಕೊನೆಯ ಚರಣದವರೆಗೂ ನುಡಿಸಿ. ಹಿಂದೆ ಬರುವವರು ಹಾಡಿ ಮುಗಿಸಲಿ.