ಮುಪ್ಪಿನ ಆರೈಕೆ: ಭಾರ ಯಾರ ಹೆಗಲ ಮೇಲೆ?

‘ಪಾಶ್ಚಾತ್ಯರು ಹೆತ್ತವರನ್ನು ವೃದ್ಧಾಶ್ರಮಕ್ಕೆ ತಳ್ಳುತ್ತಾರೆ. ನಮ್ಮಲ್ಲಿ ಹಾಗಿಲ್ಲ.’ ಸಭೆಗಳಲ್ಲಿ, ಮದುವೆ ಮನೆಯ ಹರಟೆಗಳಲ್ಲಿ ಈ ಮಾತನ್ನು ನೀವು ಎಷ್ಟೋ ಬಾರಿ ಕೇಳಿರಬಹುದು. ಕೇಳಲು ಹಿತವಾದ ಮಾತು. ಆದರೆ ಇದು ಪೂರ್ತಿ ನಿಜವೇ?

ಜರ್ಮನಿಯನ್ನೇ ನೋಡಿ. ಅಲ್ಲಿ ಆರೈಕೆಯ ಅಗತ್ಯವಿರುವ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇರುವುದು ತಮ್ಮ ಮನೆಯಲ್ಲೇ. ಅವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುವವರು ಗಂಡ, ಹೆಂಡತಿ, ಮಗಳು, ಮಗ, ಹೀಗೆ ಮನೆಯವರೇ. ಹಾಗಾದರೆ ನಮಗೂ ಅವರಿಗೂ ಇರುವ ವ್ಯತ್ಯಾಸವೇನು? ಆರೈಕೆ ಮಾಡುವವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬಲ್ಲಿ ಆ ವ್ಯತ್ಯಾಸವಿದೆ.

ಜರ್ಮನಿಯಲ್ಲಿ 1995ರಲ್ಲಿ ಆರೈಕೆ ವಿಮೆ ಜಾರಿಗೆ ಬಂತು. ಇದು ಕಡ್ಡಾಯ. ದುಡಿಯುವವರು ಪ್ರತಿ ತಿಂಗಳೂ ಅದಕ್ಕೆ ಕಂತು ಕಟ್ಟುತ್ತಾರೆ. ಹಾಸಿಗೆ ಹಿಡಿದ ಅಮ್ಮನನ್ನು ಮಗಳೇ ನೋಡಿಕೊಂಡರೆ ವಿಮೆಯಿಂದ ಆ ಮನೆಗೆ ಹಣ ಬರುತ್ತದೆ. ನಿಯಮಗಳಿಗೆ ಒಳಪಟ್ಟು ಮಗಳ ಪಿಂಚಣಿ ಖಾತೆಗೂ ವಿಮೆಯೇ ಕಂತು ಕಟ್ಟುತ್ತದೆ. ಅವಳಿಗೆ ಕಾಯಿಲೆಯಾದರೆ ಅಥವಾ ವಿಶ್ರಾಂತಿ ಬೇಕಾದರೆ ಕೆಲವು ವಾರಗಳ ಮಟ್ಟಿಗೆ ಬದಲಿ ಜನರನ್ನಿಡಲು ನೆರವು ಸಿಗುತ್ತದೆ. ಅಂದರೆ ಮನೆಯೊಳಗಿನ ಆರೈಕೆಯೂ ಒಂದು ದುಡಿಮೆ ಎಂದು ಅಲ್ಲಿನ ಕಾನೂನು ಒಪ್ಪಿಕೊಂಡಿದೆ.

ಜಪಾನ್ 2000ದ ಏಪ್ರಿಲ್‌ನಲ್ಲಿ ಇಂಥದ್ದೇ ವಿಮೆಯನ್ನು ಆರಂಭಿಸಿತು. 40 ವರ್ಷ ದಾಟಿದ ಎಲ್ಲರೂ ಕಂತು ಕಟ್ಟಬೇಕು. ಉಳಿದ ಅರ್ಧ ಹಣ ತೆರಿಗೆಯಿಂದ ಬರುತ್ತದೆ. 65 ದಾಟಿದವರು ನಗರಾಡಳಿತಕ್ಕೆ ಅರ್ಜಿ ಹಾಕಿದರೆ ಮನೆಗೇ ಬಂದು ಪರಿಶೀಲಿಸುತ್ತಾರೆ. ಎದ್ದು ನಡೆಯಬಲ್ಲರೇ, ತಾವೇ ಉಣ್ಣಬಲ್ಲರೇ, ಮರೆವು ಎಷ್ಟಿದೆ ಎಂದು ನೋಡಿ ಏಳು ಹಂತಗಳಲ್ಲಿ ಒಂದನ್ನು ನಿಗದಿ ಮಾಡುತ್ತಾರೆ. ಬಳಿಕ ಸ್ನಾನ ಮಾಡಿಸಲು ಸಹಾಯಕಿ, ಹಗಲು ಹೊತ್ತು ಕಳೆಯಲು ಕೇಂದ್ರ, ಬಾಡಿಗೆಗೆ ವಿಶೇಷ ಮಂಚ ಇತ್ಯಾದಿ ಸೌಲಭ್ಯಗಳು ದೊರೆಯುತ್ತವೆ. ಖರ್ಚಿನ ಹತ್ತನೇ ಒಂದು ಪಾಲನ್ನು ಕುಟುಂಬ ಭರಿಸಬೇಕು. ಹೆಚ್ಚು ಆದಾಯವಿರುವವರು ಎರಡು ಅಥವಾ ಮೂರು ಪಾಲು ಕೊಡಬೇಕು.

ಹಾಗೆಂದು ಅಲ್ಲೆಲ್ಲ ಸ್ವರ್ಗವಿದೆ ಎಂದು ಭಾವಿಸಬೇಡಿ. ಜಪಾನಿನಲ್ಲಿ ಹೆತ್ತವರ ಅಥವಾ ಸಂಗಾತಿಯ ಆರೈಕೆಗಾಗಿ ವರ್ಷಕ್ಕೆ ಸುಮಾರು ಒಂದು ಲಕ್ಷ ಮಂದಿ ಈಗಲೂ ಉದ್ಯೋಗ ಬಿಡುತ್ತಾರೆ. ಸಹಾಯಕರು ಸಾಲದೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂಗಳಿಂದ ಯುವಜನರನ್ನು ಕರೆಸಿಕೊಳ್ಳುತ್ತಿದ್ದಾರೆ. ಅಮೆರಿಕದಲ್ಲಿ ವೃದ್ಧರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ದೀರ್ಘಕಾಲದ ದಿನನಿತ್ಯದ ಆರೈಕೆಯ ಖರ್ಚನ್ನು ಭರಿಸುವುದಿಲ್ಲ. ಬಡವರಿಗಿರುವ ಮೆಡಿಕೇಯ್ಡ್ ನೆರವು ಸಿಗಬೇಕಾದರೆ ಅನೇಕರು ಮೊದಲು ತಮ್ಮ ಉಳಿತಾಯವನ್ನೆಲ್ಲ ಕರಗಿಸಬೇಕಾಗುತ್ತದೆ. ದೇಶದಲ್ಲಿ ಹಣವಿದ್ದ ಮಾತ್ರಕ್ಕೆ ವೃದ್ಧರಿಗೆ ಆಸರೆ ಸಿಗುವುದಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. 2011ರ ಜನಗಣತಿಯಲ್ಲೇ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಮಿಕ್ಕಿದ್ದರು. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರಲ್ಲಿ ಕಾನೂನು ಬಂತು. 2024ರಲ್ಲಿ 70 ದಾಟಿದವರಿಗೆ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಲಾಯಿತು. ಒಳ್ಳೆಯದೇ. ಆದರೆ ಆಯುಷ್ಮಾನ್ ಇರುವುದು ಆಸ್ಪತ್ರೆಗೆ ದಾಖಲಾದವರಿಗೆ. ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಅಜ್ಜನ ಮುಂದಿನ ಐದಾರು ವರ್ಷಗಳ ಗತಿಯೇನು? ಮೈಯಲ್ಲಿ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬಟ್ಟೆ, ಹಾಸಿಗೆ ಶುಚಿ ಮಾಡಬೇಕು. ರಾತ್ರಿ ಎದ್ದು ನೋಡಬೇಕು. ನ್ಯಾಯಾಧಿಕರಣ ಹಣ ಕೊಡಿಸಬಹುದು, ಮಗ್ಗುಲು ಬದಲಿಸಲು ಬರುವುದಿಲ್ಲ.

ಈ ಕೆಲಸವನ್ನು ಯಾರು ಮಾಡುತ್ತಾರೆಂದು ನಿಮಗೆ ಗೊತ್ತು. ಬಹುತೇಕ ಮನೆಗಳಲ್ಲಿ ಒಬ್ಬಳೇ ಸ್ತ್ರೀ, ಹೆಚ್ಚಾಗಿ ಸೊಸೆ. ಗಲ್ಫ್‌ನಿಂದ ಮಗ ಫೋನ್ ಮಾಡಿ ‘ಅಮ್ಮ ಹೇಗಿದ್ದಾರೆ?’ ಎಂದು ವಿಚಾರಿಸುತ್ತಾನೆ. ಊರಲ್ಲಿರುವ ಮಗ ಸಂಜೆ ಬಂದು ಮಂಚದ ಪಕ್ಕ ಐದು ನಿಮಿಷ ಕೂರುತ್ತಾನೆ. ನೆಂಟರು ಬಂದು, ಸೇವೆಯಲ್ಲಿ ಏನು ಕೊರತೆಯಿದೆ ಎಂದು ಸೊಸೆಗೆ ಹೇಳಿ ಹೋಗುತ್ತಾರೆ. ಸಹೋದರರೇ, ಹೆತ್ತವರ ಸೇವೆಯನ್ನು ಇಸ್ಲಾಮ್ ಹೊರಿಸಿರುವುದು ಮಕ್ಕಳ ಮೇಲೆ. ಸೊಸೆ ಮಾಡುವ ಸೇವೆ ಆಕೆಯ ಔದಾರ್ಯ, ಅದಕ್ಕೆ ಪ್ರತಿಫಲವಿದೆ. ಆದರೆ ಆಕೆಯ ಸೇವೆಯಿಂದ ಮಗನ ಹೊಣೆ ತೀರಿತೆಂದು ಎಣಿಸುವುದು ಸರಿಯೇ?

ವಿಮೆಯಿಲ್ಲದ, ಬಡ ಸಮಾಜ ಏನು ಮಾಡಬಲ್ಲದು ಎಂಬುದಕ್ಕೆ ನೆರೆಯ ಕೇರಳ ಮಾದರಿಯಾಗಿದೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸೆಯ ಸಂಘಟನೆ, ಗುಣವಾಗದ ರೋಗಿಗಳ ನೋವು ತಗ್ಗಿಸುವ ಕೆಲಸಕ್ಕಿಳಿಯಿತು. 2000ದ ಬಳಿಕ ಮಲಪ್ಪುರಂ ಮತ್ತಿತರ ಕಡೆ ಊರವರೇ ಇದನ್ನು ಕೈಗೆತ್ತಿಕೊಂಡರು. ಸ್ವಯಂಸೇವಕರು ತರಬೇತಿ ಪಡೆದರು. ಜನರು ಕೊಟ್ಟ ಚಿಲ್ಲರೆ ಕಾಸಿನಿಂದ ವಾಹನ, ಔಷಧಿಗಳ ವೆಚ್ಚ ಸಾಗಿತು. ದಾದಿಯರು ಮನೆಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರವೇ ಇದಕ್ಕಾಗಿ ನೀತಿ ರೂಪಿಸಿತು. ಹಾಸಿಗೆ ಹಿಡಿದ ವೃದ್ಧರೂ ಈಗ ಈ ಸೇವೆಯ ವ್ಯಾಪ್ತಿಯಲ್ಲಿದ್ದಾರೆ.

ಇದು ನಮ್ಮ ಮೊಹಲ್ಲಾಗಳಲ್ಲಿ ಸಾಧ್ಯವಿಲ್ಲವೇ? ಒಂದು ಗಾಲಿಕುರ್ಚಿ, ಒಂದು ವಾಟರ್‌ಬೆಡ್, ಒಂದು ಕಮೋಡ್ ಕುರ್ಚಿ ಜಮಾಅತಿನಲ್ಲಿದ್ದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾ ಎಷ್ಟೋ ಮಂದಿಗೆ ನೆರವಾಗುತ್ತದೆ. ರೋಗಿಯನ್ನು ಎತ್ತುವ, ಹೊರಳಿಸುವ ಕ್ರಮವನ್ನು ದಾದಿಯೊಬ್ಬರು ಒಂದು ಮಧ್ಯಾಹ್ನದಲ್ಲಿ ಹತ್ತು ಯುವಕರಿಗೆ ಕಲಿಸಬಲ್ಲರು.

ಅದಕ್ಕೂ ಮೊದಲು ನಮ್ಮ ನಮ್ಮ ಮನೆಯಲ್ಲಿ ಮಾಡಬೇಕಾದ ಕೆಲಸವೊಂದಿದೆ. ಮಕ್ಕಳೆಲ್ಲ ಸೇರಿ ಕೂತು ಪಾಳಿ ಹಂಚಿಕೊಳ್ಳಿ. ದೂರದಲ್ಲಿರುವವರು ಹೋಂ ನರ್ಸ್‌ನ ಸಂಬಳ ಭರಿಸಲಿ. ಊರಲ್ಲಿರುವ ಗಂಡುಮಕ್ಕಳು ತಂದೆಗೆ ಸ್ನಾನ ಮಾಡಿಸಲು, ರಾತ್ರಿ ಎದ್ದು ನೋಡಲು ಕಲಿಯಲಿ. ಆರೈಕೆ ಮಾಡುವವಳಿಗೆ ವಾರದಲ್ಲಿ ಒಂದು ದಿನವಾದರೂ ಪೂರ್ತಿ ಬಿಡುವು ಸಿಗಲಿ. ನಿಮ್ಮ ಮನೆಯಲ್ಲಿ ಆಕೆ ಕೊನೆಯ ಬಾರಿ ಇಡೀ ರಾತ್ರಿ ನಿದ್ದೆ ಮಾಡಿದ್ದು ಯಾವಾಗ? ಇಂದೇ ಆಕೆಯನ್ನು ಕೇಳಿ.