‘ಸಿಕ್ಕಿಬಿದ್ದವರು’ ಎಂಬ ಮಾತು

ಅಮೆರಿಕದ ನೌಕಾದಳದಲ್ಲಿ ವಿಮಾನ ಚಾಲನೆಯನ್ನು ಕಲಿತು, ಮುಂದೆ ಗಗನಯಾತ್ರಿಯಾದ ಸುನೀತಾ ವಿಲಿಯಮ್ಸ್ ಅವರು 27 ವರ್ಷಗಳ ಸೇವೆಯ ಬಳಿಕ, 2025ರ ಡಿಸೆಂಬರಿನಲ್ಲಿ ನಾಸಾ ಸಂಸ್ಥೆಯಿಂದ ನಿವೃತ್ತರಾದರು. ಮೂರು ಯಾನಗಳಲ್ಲಿ ಒಟ್ಟು 608 ದಿನಗಳನ್ನು ಅಂತರಿಕ್ಷದಲ್ಲಿ ಕಳೆದವರು. ಒಂಬತ್ತು ಸಲ ನಿಲ್ದಾಣದ ಹೊರಗೆ ಬಂದು 62 ಗಂಟೆ 6 ನಿಮಿಷ ದುಡಿದವರು. ಅವರು ನಿವೃತ್ತರಾದಾಗ ಬೇರೆ ಯಾವ ಮಹಿಳೆಯೂ ನೌಕೆಯ ಹೊರಗೆ ಅಷ್ಟು ಹೊತ್ತು ಕೆಲಸ ಮಾಡಿರಲಿಲ್ಲ. ಇಷ್ಟಾದರೂ ನಮ್ಮ ಪತ್ರಿಕೆಗಳನ್ನು ಓದಿದವರ ನೆನಪಿನಲ್ಲಿ ಉಳಿದಿರುವುದು ‘ಆಕಾಶದಲ್ಲಿ ಸಿಕ್ಕಿಬಿದ್ದ ಸುನೀತಾ’. ಈ ವಿಶೇಷಣದ ಬಗ್ಗೆ ನನಗೆ ತಕರಾರಿದೆ.

ನಡೆದ ಸಂಗತಿ ಇಷ್ಟು. 2024ರ ಜೂನ್ 5ರಂದು ಬೋಯಿಂಗ್ ಸಂಸ್ಥೆಯ ಸ್ಟಾರ್‌ಲೈನರ್ ನೌಕೆ ಮೊದಲ ಬಾರಿಗೆ ಮನುಷ್ಯರನ್ನು ಹೊತ್ತು ಮೇಲೇರಿತು. ಅದರಲ್ಲಿದ್ದ ಇಬ್ಬರೂ, ಬುಚ್ ವಿಲ್ಮೋರ್ ಮತ್ತು ಸುನೀತಾ, ನೌಕಾದಳದಿಂದಲೇ ಬಂದವರು. ಸುಮಾರು ಎಂಟು ದಿನಗಳ ಪ್ರಯಾಣವೆಂದು ಲೆಕ್ಕ. ಮರುದಿನ ನಿಲ್ದಾಣವನ್ನು ಸಮೀಪಿಸುತ್ತಿದ್ದಾಗ, ನೌಕೆಯನ್ನು ಅತ್ತಿತ್ತ ತಿರುಗಿಸುವ 28 ಸಣ್ಣ ನೋದಕಗಳಲ್ಲಿ ಐದು ಕೈಕೊಟ್ಟವು. ಹೀಲಿಯಂ ಅನಿಲವೂ ಸೋರುತ್ತಿತ್ತು. ನಾಲ್ಕು ನೋದಕಗಳು ಮತ್ತೆ ಚೇತರಿಸಿಕೊಂಡುದರಿಂದ ನೌಕೆ ನಿಲ್ದಾಣವನ್ನು ಸೇರಿತು. ಎಂಟು ದಿನಗಳು 286 ದಿನಗಳಾದವು. ಅವರಿಬ್ಬರೂ 2025ರ ಮಾರ್ಚಿನಲ್ಲಿ ಬೇರೊಂದು ನೌಕೆಯಲ್ಲಿ ಫ್ಲಾರಿಡಾದ ಬಳಿಯ ಸಮುದ್ರಕ್ಕಿಳಿದರು. ಸುನೀತಾ ಅವರ ತಂದೆಯ ಊರಾದ ಗುಜರಾತಿನ ಝೂಲಾಸಣದಲ್ಲಿ ಜನರು ದೀಪ ಹಚ್ಚಿ ಪ್ರಾರ್ಥಿಸಿದ್ದರು. ಆ ಊರಿನ ಪ್ರೀತಿಯನ್ನು ಹಳಿಯುವವನು ನಾನಲ್ಲ. ನಾನು ಹೇಳುತ್ತಿರುವುದು ಪತ್ರಿಕೆಗಳು ಕಟ್ಟಿದ ಕಥೆಯ ಮಾತು.

ಆ ಕಥೆಯಲ್ಲಿ ಆಕೆ ಅಸಹಾಯಕಳಾದ ಮನೆಮಗಳು. ವಾಸ್ತವದಲ್ಲಿ ಆಕೆ 1987ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಪದವಿ ಪಡೆದು, 1989ರಲ್ಲಿ ಚಾಲಕಿಯ ಅರ್ಹತೆಯನ್ನು ಸಂಪಾದಿಸಿದ ಅಧಿಕಾರಿ. ಹಾರಿಸಿದ್ದು ವೇಗದ ಯುದ್ಧವಿಮಾನವನ್ನಲ್ಲ, ನೌಕಾಪಡೆಗೆ ನೆರವು ನೀಡುವ ಹೆಲಿಕಾಪ್ಟರನ್ನು. 1992ರಲ್ಲಿ ಆಂಡ್ರೂ ಚಂಡಮಾರುತವು ಫ್ಲಾರಿಡಾವನ್ನು ಹಾಳುಗೆಡವಿದಾಗ ಅಲ್ಲಿಗೆ ಹೋದ ಹೆಲಿಕಾಪ್ಟರ್ ತುಕಡಿಯೊಂದರ ಹೊಣೆ ಅವರದಾಗಿತ್ತು. ಮರುವರ್ಷ ಪ್ಯಾಟಕ್ಸೆಂಟ್ ರಿವರ್‌ನ ಪರೀಕ್ಷಾ ಚಾಲಕರ ಶಾಲೆಯನ್ನು ಸೇರಿದರು. 1998ರಲ್ಲಿ ನಾಸಾ ಅವರನ್ನು ಆರಿಸಿದಾಗ ಸೈಪಾನ್ ಎಂಬ ಯುದ್ಧನೌಕೆಯಲ್ಲಿದ್ದರು. ಹಡಗಿನಲ್ಲಿ ದುಡಿದವರಿಗೆ ಹೊರಡುವ ದಿನ ಗೊತ್ತು, ಮರಳುವ ದಿನ ಗೊತ್ತಿಲ್ಲ. ಮನೆಯವರಿಗೂ ಅದು ರೂಢಿ. ಪರೀಕ್ಷಾ ಚಾಲಕರಿಗಂತೂ ಯಂತ್ರದ ದೋಷ ಎದುರಾಗುವುದು ಅಪಘಾತವಲ್ಲ, ವೃತ್ತಿ. ದೋಷವನ್ನು ಹುಡುಕುವುದಕ್ಕೇ ಅವರನ್ನು ಕಳುಹಿಸುವುದು. ಕಾದ ತಿಂಗಳುಗಳಲ್ಲಿ ಸುನೀತಾ ನಿಲ್ದಾಣದ ನಾಯಕತ್ವವನ್ನು ವಹಿಸಿಕೊಂಡರು; ಜನವರಿಯಲ್ಲಿ ಎರಡು ಬಾರಿ ಹೊರಗೆ ನಡೆದರು. ತಮ್ಮನ್ನು ಯಾರೂ ಕೈಬಿಟ್ಟಿಲ್ಲವೆಂದು ಇಬ್ಬರೂ ಮತ್ತೆ ಮತ್ತೆ ಹೇಳಿದರು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಪತ್ರಿಕೆಗಳಿಗಿರಲಿಲ್ಲ.

ನಿಜವಾದ ನಾಟಕ ನಡೆದದ್ದು ನೆಲದ ಮೇಲೆ, 2024ರ ಆಗಸ್ಟ್ 24ರಂದು. ಯಾತ್ರಿಗಳನ್ನು ಸ್ಟಾರ್‌ಲೈನರಿನಲ್ಲೇ ಕರೆತರಬಹುದೆಂಬ ವಿಶ್ವಾಸ ಬೋಯಿಂಗ್‌ನವರಿಗಿತ್ತು. ನಾಸಾ ಒಪ್ಪಲಿಲ್ಲ, ನೌಕೆ ಖಾಲಿಯಾಗಿಯೇ ಬರಲಿ ಎಂದಿತು. ಅಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಿಲ್ ನೆಲ್ಸನ್ ಹಿಂದಿನ ದುರಂತಗಳನ್ನು ನೆನೆದರು. 2003ರಲ್ಲಿ ಕೊಲಂಬಿಯಾ ನೌಕೆಯ ರೆಕ್ಕೆಗೆ ಉಡಾವಣೆಯ ವೇಳೆ ಪೆಟ್ಟು ಬಿದ್ದುದನ್ನು ಕಂಡ ಎಂಜಿನಿಯರರು, ಆ ಭಾಗದ ಚಿತ್ರಗಳು ಬೇಕೆಂದು ಕೇಳಿದ್ದರು, ಮೇಲಿನವರು ಕಿವಿಗೊಡಲಿಲ್ಲ. ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸಹಿತ ಏಳು ಜನ ಮಡಿದರು.

ಸೆಪ್ಟೆಂಬರಿನಲ್ಲಿ ಸ್ಟಾರ್‌ಲೈನರ್ ನ್ಯೂ ಮೆಕ್ಸಿಕೋದ ಮರಳಿಗೆ ಸುರಕ್ಷಿತವಾಗಿಯೇ ಇಳಿಯಿತು. ಹಾಗಾದರೆ ಅವರೂ ಬರಬಹುದಿತ್ತಲ್ಲ ಎಂದವರುಂಟು. ಈ ತರ್ಕ ನನಗೆ ಹಿಡಿಸದು. ಕಣ್ಣು ಮುಚ್ಚಿ ರಸ್ತೆ ದಾಟಿದವನು ಆಚೆ ದಡ ಸೇರಿದನೆಂಬ ಮಾತ್ರಕ್ಕೆ ಕಣ್ಣು ತೆರೆದು ನಿಂತವನು ತಪ್ಪಿತಸ್ಥನಾಗುವುದಿಲ್ಲ. ತೀರ್ಮಾನವನ್ನು ತೂಗಬೇಕಾದದ್ದು ಅದನ್ನು ಕೈಗೊಂಡಾಗ ತಿಳಿದಿದ್ದುದರಿಂದ. ಆಮೇಲೆ ಒದಗಿದ ಅದೃಷ್ಟದಿಂದಲ್ಲ.

‘ಸಿಕ್ಕಿಬಿದ್ದವರು’ ಎಂಬ ಮಾತಿನ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ: ಅದು ಮರುಕವನ್ನು ಹುಟ್ಟಿಸಿ ಪ್ರಶ್ನೆಯನ್ನು ನುಂಗಿಬಿಡುತ್ತದೆ. ದೋಷವುಳ್ಳ ನೋದಕಗಳೊಡನೆ ಆ ನೌಕೆ ಹೊರಟದ್ದು ಹೇಗೆ, ಹಿಂದಿನ ಪರೀಕ್ಷೆಗಳು ಏನನ್ನು ತೋರಿಸಿದ್ದವು, ಒಪ್ಪಿಗೆ ಕೊಟ್ಟವರು ಯಾರು? ವಿಧಿಯ ಮೇಲೆ ಹೊರಿಸಿದ ಭಾರಕ್ಕೆ ಲೆಕ್ಕ ಕೇಳುವವರಿಲ್ಲ. ಮರಳಿ ಬಂದ ಮೇಲೆ ವಿಲ್ಮೋರ್, ತಾನು ಮೊದಲೇ ಕೇಳಬಹುದಾಗಿದ್ದ ಕೆಲವು ಪ್ರಶ್ನೆಗಳಿದ್ದವೆಂದು ಹೇಳಿ ದೂರನ್ನು ತನ್ನಿಂದಲೇ ಆರಂಭಿಸಿದರು. ಅದೇ ನೌಕೆಯಲ್ಲಿ ಮತ್ತೆ ಹಾರಲು ಸಿದ್ಧರೆಂದು ಇಬ್ಬರೂ ನುಡಿದರು. ಇದು ಮರುಕವನ್ನು ಬೇಡುವವರ ಭಾಷೆಯಲ್ಲ.

ನಮಗೂ ಈ ಮಾತು ದೂರದ್ದಲ್ಲ. ಗಗನಯಾನಕ್ಕೆಂದು ಆರಿಸಿದ ನಾಲ್ವರೂ ವಾಯುಪಡೆಯ ಪರೀಕ್ಷಾ ಚಾಲಕರು. ಅವರ ಅಭ್ಯಾಸದ ಬಹುಭಾಗ ನಡೆದದ್ದು ಬೆಂಗಳೂರಿನಲ್ಲಿ. ಯೋಜನೆಯಂತೆ ಅವರ ಮೊದಲ ನೌಕೆ ಯಾವ ನಿಲ್ದಾಣಕ್ಕೂ ಹೋಗಿ ಸೇರುವುದಿಲ್ಲ. ನೋದಕ ಕೆಟ್ಟರೆ ಒಂಬತ್ತು ತಿಂಗಳು ಕಾದಿರಲು ಅಲ್ಲಿ ಆಸರೆಯಿಲ್ಲ. ‘ಬೇಡ’ ಎನ್ನಬೇಕಾದವರು ಅದನ್ನು ನೌಕೆ ಶ್ರೀಹರಿಕೋಟೆಯ ನೆಲದ ಮೇಲಿರುವಾಗಲೇ ಹೇಳಬೇಕಾಗುತ್ತದೆ.