ಐನೂರು ಮೀಟರಿನೊಳಗಿನ ಕೇರಿ

ಸಿವಿಲ್ ಇಂಜಿನಿಯರಿಂಗ್ ಓದುವ ಹಾಸ್ಟೆಲ್ ಗೆಳೆಯರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತು. ಮಿಕ್ಕವರಿಗೆ ಹೇಳಬೇಕು: ಇದು ಓಟು ಕೇಳುವ ಕಾಂಗ್ರೆಸ್ ಅಲ್ಲ. ರಸ್ತೆ ಎಷ್ಟು ಅಗಲ ಇರಬೇಕು, ಸೇತುವೆ ಎಷ್ಟು ಭಾರ ತಡೀಬೇಕು ಅಂತ ಗೊತ್ತುಮಾಡುವ ಇಂಜಿನಿಯರುಗಳ ಸಂಸ್ಥೆ. ಜಯಕರ್ ಸಮಿತಿ ಹೇಳಿದ್ದರಿಂದ 1934ರಲ್ಲಿ ಹುಟ್ಟಿತು. ಅದಕ್ಕೆ ಹತ್ತೇ ವರ್ಷ ಮುಂಚೆ, 1924ರಲ್ಲಿ, ತಿರುವಾಂಕೂರಿನ ವೈಕಂನಲ್ಲಿ ದೇವಸ್ಥಾನದ ಸುತ್ತಿನ ರಸ್ತೆಯಲ್ಲಿ ನಡೆಯೋದಕ್ಕೇ ಸತ್ಯಾಗ್ರಹ ಮಾಡಬೇಕಾಗಿತ್ತು. ರಸ್ತೆ ಯಾರದು ಅನ್ನೋದು ಇತ್ಯರ್ಥ ಆಗೋಕೆ ಮುಂಚೆಯೇ ರಸ್ತೆ ಹೆಂಗಿರಬೇಕು ಅನ್ನೋ ಲೆಕ್ಕ ಶುರುವಾಯ್ತು.

ಲೆಕ್ಕ ಕೆಟ್ಟದ್ದಲ್ಲ. ಮಿಲಿಟರಿ ಟ್ಯಾಂಕಿನಂಥ 70 ಟನ್ನಿನ ಗಾಡಿ ಹಾದರೂ ಸೇತುವೆ ಕುಸಿಯಬಾರದು ಅಂತ ಲೆಕ್ಕ ಹಾಕಿದ್ದಾರೆ. 2002ರ ಗ್ರಾಮೀಣ ರಸ್ತೆ ಕೈಪಿಡಿಯಲ್ಲಿ ಹಳ್ಳಿ ರಸ್ತೆಗೆ 3.75 ಮೀಟರ್ ಅಗಲ, ವಾಹನ ತೀರಾ ಕಮ್ಮಿ ಇದ್ದರೆ 3 ಮೀಟರ್. ಈ ಅಳತೆಗೆ ಜಾತಿ ಇಲ್ಲ.

ಜಾತಿ ನುಸುಳೋದು ಬೇರೆ ಕಡೆ. 2000ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ನೋಡಿ. ರಸ್ತೆ ಕಟ್ಟಿದ್ದು ಇದೇ ಕೈಪಿಡಿ ಪ್ರಕಾರ. ಯಾರಿಗೆ ಕಟ್ಟಬೇಕು ಅನ್ನೋದು ಮಾತ್ರ ದಿಲ್ಲಿಯ ಗ್ರಾಮೀಣಾಭಿವೃದ್ಧಿ ಮಂತ್ರಾಲಯದ ನಿಯಮ. ಕಂದಾಯ ಗ್ರಾಮವಲ್ಲ, ಜನವಸತಿಯೇ ಲೆಕ್ಕಕ್ಕೆ ಅಂತ ಒಳ್ಳೆ ಮಾತಿನಿಂದಲೇ ಶುರು ಮಾಡಿದರು. ಆಮೇಲೆ ಕೊಕ್ಕೆ: ಸುತ್ತ 500 ಮೀಟರಿನೊಳಗಿನ ವಸತಿಗಳ ಜನಸಂಖ್ಯೆ ಕೂಡಿಸಬಹುದು, ರಸ್ತೆಯಿರುವ ವಸತಿಯಿಂದ 500 ಮೀಟರಿನೊಳಗೆ ಇದ್ದರೆ ಅದಕ್ಕೂ ಸಂಪರ್ಕ ಇದ್ದಂಗೇ.

ನಮ್ಮ ಕೇರಿಗಳು ಊರಿಂದ ಎಷ್ಟು ದೂರ? ಇನ್ನೂರು, ಮುನ್ನೂರು ಹೆಜ್ಜೆ. ಮೈ ಸೋಕದಷ್ಟು ದೂರ, ಕೂಗಿದರೆ ಚಾಕರಿಗೆ ಬರುವಷ್ಟು ಹತ್ತಿರ. ಕೂಡಿಸುವಾಗ ನಮ್ಮ ತಲೆ ಬೇಕು. ಡಾಂಬರು ಊರಬಾಗಿಲಲ್ಲೇ ನಿಂತರೂ ದಾಖಲೆಯಲ್ಲಿ ಕೇರಿಗೆ ರಸ್ತೆ ಬಂದಾಯ್ತು. ಮಳೆಗಾಲದಲ್ಲಿ ಬಸುರಿ ಹೆಂಗಸನ್ನ ಕೆಸರಲ್ಲಿ ಹೊತ್ತು ತರುವ ಆ ಮುನ್ನೂರು ಹೆಜ್ಜೆ ಆ ಲೆಕ್ಕದಲ್ಲಿಲ್ಲ. ಇಂಜಿನಿಯರು ಬೇಕಂತ ಜಾತಿ ಮಾಡಲಿಲ್ಲ ಅಂತಾರೆ. ಇರಬಹುದು, ಅವನು ಮಾಡೋ ಅಗತ್ಯವೇ ಇರಲಿಲ್ಲ.

ಕಾಲೋನಿ ರಸ್ತೆಗೆ ಪರಿಶಿಷ್ಟರ ಉಪಯೋಜನೆ ದುಡ್ಡು ಇದೆಯಲ್ಲ ಅಂತ ಕೇಳೋರಿದ್ದಾರೆ. ಎಣಿಸುವಾಗ ಊರ ಜೊತೆ ಸೇರಿಸಿದವರು ಖರ್ಚು ಮಾಡುವಾಗ ಯಾಕೆ ಬೇರೆ ಮಾಡ್ತಾರೆ? ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ ಜೊತೆ ರಸ್ತೆ ಅನ್ನೋ ಮಾತೂ ಇದೆ.

ರಜೆಗೆ ಊರಿಗೆ ಹೋದಾಗ ಒಂದು ಟೇಪು ಒಯ್ಯಿರಿ. ಡಾಂಬರು ಎಲ್ಲಿ ನಿಂತಿದೆ, ಅಲ್ಲಿಂದ ಕೇರಿಯ ಕೊನೇ ಮನೆಗೆ ಎಷ್ಟು ಮೀಟರು, ಅಳೆದು ಬರಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಒಟ್ಟು ಮಾಡೋಣ.